ಸೊನ್ನೆ ಒಳ್ಳೆಯ ಅಂಕ

ರೂವಿಯಲ್ಲಿ, ಹಣ ಕಳಿಸುವ ಅಂಗಡಿಯ ನೆತ್ತಿಯ ಮೇಲೆ,
ಎರಡನೇ ಮಹಡಿಯ ಈ ಕೋಣೆಗೆ ಕಿಟಕಿಯಿಲ್ಲ.
ಒಂದು ಮೇಜು, ಮೂರು ಕುರ್ಚಿ, ಬೀಗದ ಪೆಟ್ಟಿಗೆ.
ಪೆಟ್ಟಿಗೆಯೊಳಗೆ ಸೋಪುನೀರಿನ ಬಾಟಲಿ, ಕಿವಿ ಕುಣಿಸುವ ಮೊಲ,
ಕೂದಲು ಉದುರಿದ ಗೊಂಬೆ,
ವಾರಕ್ಕೆ ನಾಲ್ಕು ಸಲ ಆ ಗೊಂಬೆಗೆ ಹುಟ್ಟುಹಬ್ಬ.

ನನ್ನ ಕೆಲಸ ಸುಮ್ಮನಿರುವುದು.
ಗುಳ್ಳೆ ಊದಿ, ಮುಚ್ಚಳ ಬಿಗಿದು,
ಐದರವರೆಗೆ ಎಣಿಸುವುದು.
ಇನ್ನೂ ಬೇಕೆಂದು ಕೇಳುತ್ತಾನಾ? ಹೇಗೆ ಕೇಳುತ್ತಾನೆ?
ಕಣ್ಣಿನಿಂದಲೋ, ಬೆರಳಿನಿಂದಲೋ,
ನನ್ನ ಕೈಯನ್ನೇ ಸೌಟಿನಂತೆ ಹಿಡಿದು ಬಾಟಲಿಯ ಮೇಲಿಟ್ಟೋ?
ಎಲ್ಲದಕ್ಕೂ ಒಂದೊಂದು ಚೌಕ. ಚೌಕದೊಳಗೆ
ಸೊನ್ನೆ, ಒಂದು, ಎರಡು.

ಝಿಯಾದನಿಗೆ ನಾಲ್ಕೂವರೆ.
ಹೆಸರು ಕೂಗಿದೆ. ಮತ್ತೆ ಕೂಗಿದೆ.
ಮೇಜಿನ ಅಂಚಿಗೆ ಕೆನ್ನೆ ಹಚ್ಚಿ
ಕಾರಿನ ಒಂದೇ ಚಕ್ರ ತಿರುಗಿಸುತ್ತಿದ್ದ.
ಮೂರನೇ ಸಲ ಅಮ್ಮ ಕರೆದಳು, ಮನೆಯ ಹೆಸರು ಹಿಡಿದು: ಜಿಯ್ಯಾ.
ಚಕ್ರ ನಿಂತಿತು.
ಒಂದು ಗಳಿಗೆ. ಮತ್ತೆ ತಿರುಗಿತು.
ಇದು ಓಗೊಟ್ಟದ್ದೋ ಅಲ್ಲವೋ?
ಕೈಪಿಡಿಯಲ್ಲಿ ಕತ್ತಿನ ಬಗ್ಗೆ ಮಾತ್ರ ಬರೆದಿದ್ದಾರೆ.

ಥಟ್ಟನೆ ಅವನ ಎರಡೂ ಕೈ ಕಿವಿಗೆ.
ನನಗೇನೂ ಕೇಳಲಿಲ್ಲ, ಎ.ಸಿ.ಯ ಗೊರಗೊರ ಬಿಟ್ಟು.
ಒಂದು, ಎರಡು...
ಆಮೇಲೆ ಬೀದಿಯಾಚೆಯ ಮಸೀದಿಯಿಂದ ಲುಹರ್ ಬಾಂಗ್.
"ಮೈಕಿನ ಸ್ವಿಚ್ಚು ಒತ್ತಿದ್ದು ಅವನಿಗೆ ಕೇಳ್ತದೆ," ಅಂದಳು ಮೈಮೂನ,
ಅಕ್ಕಿಯಲ್ಲಿ ಕಲ್ಲಿದೆ ಅಂದಷ್ಟೇ ಸಹಜವಾಗಿ,
ತಲೆಗೆ ಶಾಲು ಎಳೆದುಕೊಳ್ಳುತ್ತ.
ಅದಕ್ಕೆ ಚೌಕವಿರಲಿಲ್ಲ.

"ಮಾರ್ಕು ಎಷ್ಟು ಬಂತು ಮೇಡಂ?"
ಇಲ್ಲಿ ಸೊನ್ನೆಯೇ ಒಳ್ಳೆಯ ಅಂಕ, ಅಂದೆ. ಹೆಚ್ಚಾದಷ್ಟೂ...
ವಾಕ್ಯ ಮುಗಿಸಲಿಲ್ಲ ನಾನು. ಅವಳೇ ಮುಗಿಸಿಕೊಂಡಳು.
"ಏಳನೇ ಕ್ಲಾಸಲ್ಲಿ ಲೆಕ್ಕಕ್ಕೆ ನನಗೆ ಸೊನ್ನೆ," ಎಂದು ನಕ್ಕಳು,
"ಆಗ ನೀವು ಎಲ್ಲಿದ್ದಿರಿ?"
ನಗು ಮುಗಿಯುವ ಮೊದಲೇ ಚೀಲದಲ್ಲಿ ಕೈಯಾಡಿಸತೊಡಗಿದಳು,
ಬಹಳ ಹೊತ್ತು, ಏನೂ ತೆಗೆಯದೆ.

ಸಂಜೆ ಐದಕ್ಕೆ ಗ್ರೇಶನ್ ಡಿಮೆಲ್ಲೊ. ನಲವತ್ತಾರು.
ಸೊಹಾರಿನಿಂದ ಬಸ್ಸು ಹಿಡಿದು, ತಾವಾಗಿಯೇ ಬಂದವರು.
ಹೆಂಡತಿ ಫೋನಿನಲ್ಲಿ ಅಂದಿದ್ದಳಂತೆ:
ಒಮ್ಮೆ ತೋರಿಸಿಕೊಂಡು ಬನ್ನಿ, ಜಗಳ ಆಮೇಲೆ ಮಾಡುವ.
ಕಾರ್ಖಾನೆಯಲ್ಲಿ ಒತ್ತಡದ ಮಾಪಕಗಳನ್ನು ಪರೀಕ್ಷಿಸುವ ಕೆಲಸ.

ದೊಡ್ಡವರಿಗೆ ಗೊಂಬೆಯಿಲ್ಲ, ಪ್ರಶ್ನೆಗಳು.
ಜೊತೆಗೆ ಕೆಲಸ ಮಾಡುವವನಿಗೂ ಗೆಳೆಯನಿಗೂ ಏನು ವ್ಯತ್ಯಾಸ?
ಅವರು ನನ್ನ ಹಿಂದಿನ ಗೋಡೆ ನೋಡುತ್ತ ಕೂತರು,
ಐದಲ್ಲ, ಮೂವತ್ತು ಎಣಿಸುವಷ್ಟು.
"ನಿಮ್ಮ ಗಡಿಯಾರ ನಲವತ್ತು ಸೆಕೆಂಡು ಹಿಂದಿದೆ."
ನಾನು ಪೆನ್ನು ಎತ್ತಿದೆ.
"ಮಾಪಕ ಓದುವ ಮೊದಲು ಅದನ್ನು ಸೊನ್ನೆಗೆ ತರಬೇಕು.
ಗೊತ್ತಿರುವ ಒಂದು ಭಾರ ಇಟ್ಟು ನೋಡಬೇಕು.
ವರ್ಷಕ್ಕೊಮ್ಮೆ ಮುದ್ರೆ, ಸಹಿ, ತಾರೀಕು.
ನಿಮ್ಮನ್ನು ಕೊನೆಗೆ ನೋಡಿದ್ದು ಯಾವಾಗ?"
ಅಣಕವಿರಲಿಲ್ಲ ಅದರಲ್ಲಿ. ತಾರೀಕು ಬೇಕಿತ್ತು ಅವರಿಗೆ.

ದುಬೈಯಲ್ಲಿ ತರಬೇತಿ, ಆರು ವರ್ಷದ ಹಿಂದೆ, ಅಂದೆ.
"ಹಾಗಾದರೆ ಅವಧಿ ಮೀರಿದೆ," ಎಂದು ತಲೆಯಾಡಿಸಿ
ಮೊದಲಿನ ಪ್ರಶ್ನೆಗೆ ಬಂದರು:
"ಗೆಳೆಯ ಅಂದರೆ ಶಿಫ್ಟು ಮುಗಿದ ಮೇಲೂ
ಪಕ್ಕದಲ್ಲಿ ಕೂತು ಮಾತಾಡದೆ ಇರುವವನು.
ಒಬ್ಬನಿದ್ದ, ಪಾಲಕ್ಕಾಡಿನವನು.
ವೀಸಾ ಮುಗಿಯಿತು."

ರಾತ್ರಿ ಎರಡು ವರದಿ.
ಅಂಕಗಳನ್ನು ಕರುಣೆಯಿಂದ ತಿದ್ದುವುದಿಲ್ಲ;
ಮೈಮೂನಗೆ ಬೇಕಿರುವುದು
ಶಾಲೆಯೊಂದರ ಬಾಗಿಲು ತೆರೆಸುವ ಕಾಗದ.
ಆದರೂ ಕೊನೆಯ ಪುಟದ ಅಂಚಿನಲ್ಲಿ, ಚೌಕಗಳ ಹೊರಗೆ, ಬರೆದೆ:
ಸ್ವಿಚ್ಚಿನ ಸದ್ದು. ಎರಡು ಸೆಕೆಂಡು ಮುಂಚೆ.

ಗಡಿಯಾರ ಇನ್ನೂ ಸರಿಮಾಡಿಲ್ಲ.
ಸ್ಟೂಲು ಹತ್ತಬೇಕು.
ನೋಡಿದಾಗಲೆಲ್ಲ ನಲವತ್ತು ಕೂಡಿಸಿಕೊಳ್ಳುತ್ತೇನೆ.